ಮೂಡಿಗೆರೆ ಬಸ್ಸು ಹತ್ತಿದ ಅಮ್ಮನಿಗೆ

ಚಿಕ್ಕಮಗಳೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಕೂತಿದ್ದ ಅಮ್ಮ, ನಿಮ್ಮ ಹೆಸರು ಕೇಳುವಷ್ಟರಲ್ಲಿ ಮೂಡಿಗೆರೆ ಬಸ್ಸು ಬಂದುಬಿಟ್ಟಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅವತ್ತು ಹೆಣೆಯುತ್ತಿದ್ದ ಕಾಲುಚೀಲ ಮುಗಿಯಿತು, ಎರಡೂ!

ಆ ಬೂದು ಉಲ್ಲನ್ ನನ್ನ ಮದುವೆಯ ಹೊಸದರಲ್ಲಿ ಕೊಂಡದ್ದು. ನುಸಿಗುಳಿಗೆ ಜೊತೆ ಟ್ರಂಕಿನ ತಳ ಸೇರಿದ್ದು, ಮಗಳು ಕಾಲೇಜಿಗೆ ಹೋಗುವವರೆಗೂ ಅಲ್ಲೇ ಇತ್ತು. ಈ ಚಳಿಗೆ ಮಾವನವರ ಕಾಲು ಮರಗಟ್ಟುತ್ತೆ ಅಂತ ಹೊರತೆಗೆದೆ. 64 ಕುಣಿಕೆ ಹಾಕಿ, ಅದರಲ್ಲಿ 32ನ್ನು ಬೇರೆ ಮಾಡಿ ಹಿಮ್ಮಡಿ ಹೆಣೆಯುವುದೆಲ್ಲ ಬರುತ್ತಿತ್ತು. ಬೆರಳ ತುದಿ ಮುಚ್ಚುವುದನ್ನು ಮಾತ್ರ ಯಾರೂ ಕಲಿಸಿರಲಿಲ್ಲ.

“ಕೊಡಮ್ಮ ಇಲ್ಲಿ” ಅಂದಿರಿ. ತುದಿಯಲ್ಲಿ ಉಳಿದ 16 ಕುಣಿಕೆಗಳನ್ನು ಎರಡು ಕಡ್ಡಿಗೆ ಎಂಟೆಂಟು ಹಂಚಿ, ಜೋಡಿಸಿ ಹಿಡಿದು, ಮೊಂಡು ಸೂಜಿಗೆ ದಾರ ಪೋಣಿಸಿದಿರಿ. “ಮುಂದಿನ ಕಡ್ಡೀಲಿ ಸೀದಾ ಹೋಗಿ ಕಳಚು, ಪಕ್ಕದ್ದಕ್ಕೆ ಉಲ್ಟಾ ಹೋಗಿ ಹಾಗೇ ಇಡು. ಹಿಂದಿನ ಕಡ್ಡೀಲಿ ಉಲ್ಟಾ ಹೋಗಿ ಕಳಚು, ಪಕ್ಕದ್ದಕ್ಕೆ ಸೀದಾ ಹೋಗಿ ಇಡು. ದಾರ ಬಿಗಿ ಎಳೀಬೇಡ.” ಎದುರು ಬೆಂಚಿನವರು ಕಡಲೆಕಾಯಿ ತಿನ್ನುವುದು ಬಿಟ್ಟು ನಿಮ್ಮ ಕೈಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹೊಲಿದ ಜಾಗ ಯಾವುದು ಅಂತ ಹುಡುಕಿದರೂ ಸಿಗಲಿಲ್ಲ. ರಾಶಿ ರಾಶಿ ಸಿಗುವ ಅಂಗಡಿ ಮಾಲಿಗೆ ಆ ಅಚ್ಚುಕಟ್ಟು ಎಲ್ಲಿಂದ ಬರಬೇಕು?

ಎರಡನೆಯದನ್ನು ನಾನೇ ಮುಚ್ಚಿದೆ. ಮಾವ ಹಾಕಿಕೊಂಡು ತೋಟ ಸುತ್ತಿ ಬಂದರು, ಬೆರಳಿಗೆ ಏನೂ ಒತ್ತಲಿಲ್ಲವಂತೆ. ಉಪಕಾರವಾಯಿತು ಅಮ್ಮ. ಉಳಿದ ದಾರದಲ್ಲಿ ಮಗಳು ಟೋಪಿ ಕೇಳುತ್ತಿದ್ದಾಳೆ, ಅಷ್ಟು ದಾರವೆಲ್ಲಿದೆ!