ಅಮ್ಮನ ಪಕ್ಕದ ಆಸನದಲ್ಲಿದ್ದ ಹಿರಿಯರಿಗೆ

ಬೆಂಗಳೂರಿನಲ್ಲಿ ಈಚೆಗೆ ನಡೆದ ‘ವೆನ್ ಹ್ಯಾರಿ ಮೆಟ್ ಸ್ಯಾಲಿ’ ಚಿತ್ರಪ್ರದರ್ಶನದಲ್ಲಿ, ಸಭಾಂಗಣ ತುಂಬಿದ್ದರಿಂದ ನಾನು ಹಿಂದಿನ ಸಾಲಿನಲ್ಲಿ ಕೂರಬೇಕಾದಾಗ, ಇಂಗ್ಲಿಷ್ ಬಾರದ ನನ್ನ ಅಮ್ಮನಿಗೆ ಪಾತ್ರಗಳ ಮಾತನ್ನೆಲ್ಲ ಮೆಲುದನಿಯಲ್ಲಿ ಕನ್ನಡದಲ್ಲಿ ತಿಳಿಸಿಕೊಟ್ಟು, ಹೆಸರನ್ನೂ ಹೇಳದೆ ಹೊರಟುಹೋದ ತಮಗೆ ನನ್ನ ಹೃತ್ಪೂರ್ವಕ ಧನ್ಯವಾದಗಳು.

ರಾಬ್ ರೈನರ್ ನಿರ್ದೇಶಿಸಿ, ನೋರಾ ಎಫ್ರಾನ್ ಚಿತ್ರಕಥೆ ಬರೆದ, 1989ರಲ್ಲಿ ತೆರೆಕಂಡ ಈ ಚಿತ್ರದ ನಡುನಡುವೆ ವೃದ್ಧ ದಂಪತಿಗಳು ಸೋಫಾದಲ್ಲಿ ಕುಳಿತು ತಾವು ಒಂದಾದ ಬಗೆಯನ್ನು ಹೇಳುತ್ತಾರೆ. ಅಭಿನಯಿಸಿದವರು ನಟರಾದರೂ ಆ ಕಥೆಗಳು ನಿಜವಾದ ಜನರಿಂದ ಸಂಗ್ರಹಿಸಿದವು. ಮದುವೆಗೆ ಮುನ್ನ ಹುಡುಗಿಯನ್ನು ನೋಡುವಂತಿಲ್ಲ ಎಂದಿದ್ದರೂ ಅವಳ ಊರಿಗೆ ಹೋಗಿ, ಮರದ ಮರೆಯಿಂದ ಅವಳು ಬಟ್ಟೆ ಒಗೆಯುವುದನ್ನು ನೋಡಿ ಒಪ್ಪಿದ ಚೀನೀ ವೃದ್ಧರೊಬ್ಬರ ಮಾತನ್ನು ತಾವು ವಿವರಿಸಿದಾಗ ಅಮ್ಮ ನಕ್ಕಿದ್ದು ನನಗೂ ಕೇಳಿಸಿತು. ಅಪ್ಪ ತೀರಿಕೊಂಡ ಮೇಲೆ ಅವರ ವಿಷಯವನ್ನೇ ಎತ್ತದಿದ್ದ ಅಮ್ಮ, ಹಿರಿಯರು ಗೊತ್ತುಮಾಡಿದ ತಮ್ಮ ಮದುವೆಯ ಕಥೆಯನ್ನು, ನಿಶ್ಚಿತಾರ್ಥದ ನಂತರ ಅಪ್ಪ ಏನೋ ನೆಪ ಹೂಡಿ ಅವರ ಮನೆಗೆ ಬಂದದ್ದನ್ನು, ಅಂದು ರಾತ್ರಿ ಬಹಳ ಹೊತ್ತು ಹೇಳಿದರು.

ಚಿತ್ರದ ನಾಯಕ ನಾಯಕಿಯರಾದ ಹ್ಯಾರಿ ಮತ್ತು ಸ್ಯಾಲಿಗೆ ತಮ್ಮ ಪ್ರೀತಿಯನ್ನು ಗುರುತಿಸಲು ಹನ್ನೆರಡು ವರ್ಷ ಬೇಕಾಯಿತು. ನನ್ನ ತಂದೆತಾಯಿಯರಲ್ಲಿ ಮದುವೆ ಮೊದಲು, ಪ್ರೀತಿ ಆಮೇಲೆ. ಆದರೂ ಒಬ್ಬರನ್ನೊಬ್ಬರು ಅರಿಯಲು ಇಬ್ಬರೂ ಪಟ್ಟ ಶ್ರಮ ಅದಕ್ಕಿಂತ ಕಡಿಮೆಯದಲ್ಲ ಎಂದು ನನಗೆ ತಿಳಿದದ್ದು ತಮ್ಮ ದಯೆಯಿಂದ. ಮುಂದಿನ ಪ್ರದರ್ಶನಕ್ಕೂ ಬರುವುದಾಗಿ ಅಮ್ಮ ಹೇಳಿದ್ದಾರೆ. ತಾವೂ ಬಂದರೆ ದಯವಿಟ್ಟು ಅವರನ್ನು ಮಾತನಾಡಿಸಿ.