ಆರ್‌ಆರ್‌ಗೆ (ಹಿನ್ನೆಲೆ ಸಂಗೀತದ ರೆಕಾರ್ಡಿಂಗ್‌ಗೆ) ಮುಂಚೆ ಪುಟ್ಟಿಗೆ ಒಂದು ಪತ್ರ

ಹನುಮಂತನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ಮಾವನ ಆಶೀರ್ವಾದ. ಮನೆ ಸುದ್ದಿಯನ್ನೆಲ್ಲ ನಿಮ್ಮಮ್ಮ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನೀನು ನಿರ್ದೇಶಿಸುತ್ತಿರುವ ಹೊಸ ಸಿನಿಮಾದ ಶೂಟಿಂಗ್ ಮುಗಿದಿದ್ದು ತಿಳಿದು ತುಂಬಾ ಖುಷಿಯಾಯಿತು. ಆದರೆ ನಿನ್ನ ಹಳೆಯ ಮ್ಯೂಸಿಕ್ ಡೈರೆಕ್ಟರ್ ಬಗ್ಗೆ ಕಾಗದದ ಕೊನೆಯಲ್ಲಿ ನೀನು ಬರೆದ ಮಾತು ಮನಸ್ಸಿನಿಂದ ಹೋಗುತ್ತಲೇ ಇಲ್ಲ. 'ಜನ ನೋಡಿದ್ದು ನನ್ನ ಸಿನಿಮಾ ಅಲ್ಲ ಮಾವ, ಕೇಳಿದ್ದು ಅವನ ಸಂಗೀತ. ಈ ಸಲ ಅವನಿಲ್ಲ. ನನ್ನ ಹತ್ತಿರ ಏನೂ ಇರಲಿಲ್ಲ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.'

ಫೋನ್ ಮಾಡೋಣ ಅಂದುಕೊಂಡೆ. ಫೋನಿನಲ್ಲಾದರೆ ನೀನು 'ಸರಿ ಮಾವ, ಸರಿ ಮಾವ' ಅಂತ ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಎಡಿಟರ್ ಆಗಿದ್ದವನು. ಸಿನಿಮಾಕ್ಕೆ ಸಂಗೀತ ಸೇರುವ ಮೊದಲೇ ಅದನ್ನು ನೋಡುವವರಲ್ಲಿ ನಾನೂ ಒಬ್ಬ. ಡಬಲ್ ಪಾಸಿಟಿವ್, ಅಂದರೆ ಚಿತ್ರ ಒಂದು ರೀಲಿನಲ್ಲಿ, ಸದ್ದು ಇನ್ನೊಂದರಲ್ಲಿ ಇರುವ ಕಾಪಿ, ಹಾಕಿದಾಗ ಡೈಲಾಗ್ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಹೊಡೆದಾಟ ಬೊಂಬೆಯಾಟದ ಥರ ಕಾಣುತ್ತಿತ್ತು. ಎಷ್ಟೋ ದೊಡ್ಡ ಹೆಸರಿನವರ ಸಿನಿಮಾ ಆಗ ನೋಡಿದರೆ ಒಳಗೆ ಏನೂ ಇಲ್ಲ ಅಂತ ಗೊತ್ತಾಗುತ್ತಿತ್ತು. ಕೆಲವು ಸಿನಿಮಾ ಮಾತ್ರ ಆಗಲೂ ಎದ್ದು ನಿಲ್ಲುತ್ತಿದ್ದವು.

ನಿನ್ನ ಮೊದಲ ಸಿನಿಮಾವನ್ನು ನೀನು ನಮ್ಮನೆ ಹಾಲ್‌ನ ಟಿವಿಯಲ್ಲಿ ಹಾಗೇ, ಸಂಗೀತ ಇಲ್ಲದೆ, ತೋರಿಸಿದ್ದೆ. ಆ ಹುಡುಗಿ ಮನೆಗೆ ಬೀಗ ಹಾಕಿ ಹೊರಟವಳು ಗೇಟಿನ ತನಕ ಹೋಗಿ ವಾಪಸ್ ಬಂದು ಬೀಗ ಎಳೆದು ನೋಡುತ್ತಾಳೆ. ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ಬೀಗದ ಸದ್ದು ಬಿಟ್ಟರೆ ಅಲ್ಲಿ ಇನ್ನೇನೂ ಇರಲಿಲ್ಲ. ನಿಮ್ಮತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದನ್ನು ನೀನೂ ನೋಡಿದ್ದೀಯ. ಆಮೇಲೆ ಅವನು ಅಲ್ಲಿ ಚೆಲ್ಲೋ, ಆ ದೊಡ್ಡ ಪಿಟೀಲಿನಂಥ ವಾದ್ಯ, ಸೇರಿಸಿದ. ಬಹಳ ಚೆನ್ನಾಗಿ ಮಾಡಿದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮಿಬ್ಬರಿಗೆ ಗಂಟಲು ಕಟ್ಟಿದಾಗ ಆ ಚೆಲ್ಲೋ ಇನ್ನೂ ಹುಟ್ಟಿರಲಿಲ್ಲ. ಜನ ಕೇಳಿದ್ದು ಅವನ ಸಂಗೀತ ಮಾತ್ರ ಅನ್ನುತ್ತೀಯಲ್ಲ, ಆವತ್ತು ನಾವು ನೋಡಿದ್ದು ಯಾರದು ಹಾಗಾದರೆ?

ಸುಳ್ಳು ಸಮಾಧಾನ ಹೇಳುವುದಿಲ್ಲ. ಅವನಿಲ್ಲದೆ ಒಂದಿಷ್ಟು ನಷ್ಟ ಆಗುತ್ತದೆ. ಹಾಲಿವುಡ್ ನಿರ್ದೇಶಕ ಹಿಚ್‌ಕಾಕ್ 1960ರಲ್ಲಿ 'ಸೈಕೋ' ಮಾಡಿದಾಗ ಸ್ನಾನದ ಮನೆಯ ಕೊಲೆಗೆ ಸಂಗೀತವೇ ಬೇಡ ಅಂದಿದ್ದರು. ಅವರ ಮ್ಯೂಸಿಕ್ ಡೈರೆಕ್ಟರ್ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಿಗೆ ಒಂದು ತುಣುಕು ಬರೆದು ಕೇಳಿಸಿದರು. ಹಿಚ್‌ಕಾಕ್ ತಮ್ಮ ಮಾತನ್ನು ತಾವೇ ಬಿಟ್ಟುಕೊಟ್ಟರು. ಈಗ ಆ ಕೀರಲು ಸದ್ದು ಇಲ್ಲದೆ ಆ ದೃಶ್ಯ ಯಾರ ನೆನಪಿಗೂ ಬರುವುದಿಲ್ಲ. ನಿನಗೆ ಬೇಡ ಅನ್ನಿಸಿದ್ದನ್ನೂ ಬೇಕು ಅಂತ ತೋರಿಸಿಕೊಡುವ ಜೊತೆಗಾರ ಸುಲಭಕ್ಕೆ ಸಿಗುವುದಿಲ್ಲ. ನಿನಗೆ ಹೆದರಿಕೆ ಆಗಿರುವುದು ತಪ್ಪಲ್ಲ ಕಣೇ. ಆದರೆ ಹರ್ಮನ್ ಬರೆಯುವ ಹೊತ್ತಿಗೆ ಆ ಶಾಟ್‌ಗಳೂ ಆ ಕಟ್‌ಗಳೂ ಅಲ್ಲಿದ್ದವು. ಅವನ್ನು ನೋಡಿಕೊಂಡೇ ಅವರು ಬರೆದಿದ್ದು.

ನಮ್ಮ ಪುಟ್ಟಣ್ಣ ಕಣಗಾಲರ ವಿಷಯಕ್ಕೆ ಬಾ. ಪುಟ್ಟಣ್ಣನ ಸಿನಿಮಾ ಅಂದರೆ ವಿಜಯಭಾಸ್ಕರ್ ಸಂಗೀತ ಅಂತಲೇ ನಮ್ಮ ಕಾಲದವರ ಲೆಕ್ಕ. 1967ರ 'ಬೆಳ್ಳಿಮೋಡ', ಆಮೇಲೆ 'ಗೆಜ್ಜೆಪೂಜೆ', 'ಶರಪಂಜರ', 'ನಾಗರಹಾವು'. ಆದರೆ 'ಶರಪಂಜರ' ಬಂದ 1971ರಲ್ಲೇ 'ಸಾಕ್ಷಾತ್ಕಾರ'ವೂ ಬಂತು. ಅದಕ್ಕೆ ಸಂಗೀತ ಎಂ. ರಂಗರಾವ್. 1973ರ 'ಎಡಕಲ್ಲು ಗುಡ್ಡದ ಮೇಲೆ'ಗೂ ರಂಗರಾವ್ ಅವರೇ. 1979ರ 'ಧರ್ಮಸೆರೆ'ಗೆ ಉಪೇಂದ್ರಕುಮಾರ್. 1981ರ 'ರಂಗನಾಯಕಿ'ಗೆ ಮತ್ತೆ ರಂಗರಾವ್. 'ರಂಗನಾಯಕಿ' ನೋಡಿದ ಯಾರಾದರೂ ಇದು ಪುಟ್ಟಣ್ಣನ ಸಿನಿಮಾ ಹೌದೋ ಅಲ್ಲವೋ ಅಂತ ಅನುಮಾನ ಪಟ್ಟಿದ್ದು ನಾನಂತೂ ಕಂಡಿಲ್ಲ. ನಾಟಕದ ಹೆಣ್ಣು, ಅವಳೊಳಗಿನ ಕುದಿ, ಅವಳ ಮುಖವನ್ನು ಬಿಟ್ಟು ಹೋಗಲಾರದ ಕ್ಯಾಮೆರಾ. ಅದು ಪುಟ್ಟಣ್ಣನ ಕಣ್ಣು. ಹಾಡು ಯಾರೇ ಕಟ್ಟಿದರೂ ಆ ಕಣ್ಣು ಎಲ್ಲಿಗೆ ಹೋಗುತ್ತದೆ ಹೇಳು?

ಮಣಿರತ್ನಂ ಕೂಡ ಅಷ್ಟೇ. ಶುರು ಮಾಡಿದ್ದು ಕನ್ನಡದಲ್ಲಿ, 1983ರ 'ಪಲ್ಲವಿ ಅನುಪಲ್ಲವಿ', ಇಳಯರಾಜ ಸಂಗೀತ. 1991ರ 'ದಳಪತಿ' ತನಕ ಇಳಯರಾಜ ಬಿಟ್ಟು ಬೇರೆಯವರ ಹತ್ತಿರ ಹೋಗಲಿಲ್ಲ. ಮರುವರ್ಷ 'ರೋಜಾ'ಗೆ ಜಾಹೀರಾತಿನ ಜಿಂಗಲ್ ಮಾಡುತ್ತಿದ್ದ ಒಬ್ಬ ಹುಡುಗನನ್ನು ಕರೆತಂದರು. ಈಗ ರೆಹಮಾನ್ ಅಂದರೆ ಎಲ್ಲರಿಗೂ ಗೊತ್ತು, ಆಗ ಯಾರಿಗೆ ಗೊತ್ತಿತ್ತು? ನನಗೆ ಇವತ್ತಿಗೂ ಇಳಯರಾಜ ಕಾಲದ ಮಣಿರತ್ನಂ ಜಾಸ್ತಿ ಇಷ್ಟ. ಆ ಸಿನಿಮಾಗಳಲ್ಲಿ ಒಂದು ಮಣ್ಣಿನ ಗುಣ ಇದೆ. ಆದರೆ 'ರೋಜಾ' ನೋಡುವಾಗಲೂ ಅದೇ ಮನುಷ್ಯ ಕಾಣುತ್ತಾರೆ. ಗಂಡ ಹೆಂಡತಿ ಜಗಳ ಆಡುವ ರೀತಿ, ಅರ್ಧಕ್ಕೆ ನಿಂತುಹೋಗುವ ಮಾತು, ಮಳೆ. ಸಿನಿಮಾದ ದನಿ ಬೇರೆಯಾಯಿತು, ನಿಜ. ಅವರೇ ಇಲ್ಲವಾಗಲಿಲ್ಲ.

ನಿಮ್ಮಿಬ್ಬರಿಗೆ ಜಗಳ ಆಗಿಲ್ಲ, ಅವನಿಗೆ ದೊಡ್ಡ ತೆಲುಗು ಸಿನಿಮಾ ಬಂದು ಡೇಟ್ಸ್ ಹೊಂದಲಿಲ್ಲ ಅಷ್ಟೇ ಅಂತ ಬರೆದಿದ್ದೀಯ. ಅದನ್ನು ಓದಿದಾಗ ಎಷ್ಟು ಹಗುರ ಆಯಿತು ಗೊತ್ತಾ? ಯಾಕೆ ಅಂತ ಹೇಳುತ್ತೇನೆ. ಇದು ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ.

ಆಗೆಲ್ಲ ಆರ್‌ಆರ್ ಅಂದರೆ ಮದ್ರಾಸಿಗೆ ಹೋಗಬೇಕಿತ್ತು. ರೀಲ್ ಡಬ್ಬಗಳನ್ನು ಹೊತ್ತುಕೊಂಡು ರಾತ್ರಿ ರೈಲು ಹತ್ತುತ್ತಿದ್ದೆವು. 1000 ಅಡಿಯ ರೀಲು, ಹೆಚ್ಚು ಕಡಿಮೆ 11 ನಿಮಿಷ. ಮೊದಲು ಒಂದು ಸಲ ಸುಮ್ನೆ ಓಡಿಸುತ್ತಾರೆ. ಮ್ಯೂಸಿಕ್ ಡೈರೆಕ್ಟರ್ ನೋಡುತ್ತಾರೆ. ಎಲ್ಲಿ ಸಂಗೀತದ ಬಿಟ್ ಶುರು, ಎಲ್ಲಿ ನಿಲ್ಲಬೇಕು ಅಂತ ಬರೆದುಕೊಳ್ಳುತ್ತಾರೆ. ವಾದ್ಯದವರು ಕಾಯುತ್ತಾ ಕೂತಿರುತ್ತಾರೆ. ಪ್ರೊಡ್ಯೂಸರ್ ಗಡಿಯಾರ ನೋಡುತ್ತಾ ಇರುತ್ತಾರೆ. ನಾನು ಬಹಳ ವರ್ಷ ಒಬ್ಬರೇ ನಿರ್ದೇಶಕರ ಜೊತೆ ಇದ್ದೆ. ಅವರ ಮ್ಯೂಸಿಕ್ ಡೈರೆಕ್ಟರ್ ಕೂಡ ಯಾವಾಗಲೂ ಒಬ್ಬರೇ. ಹೆಸರು ಬೇಡ. ಅವರಿಬ್ಬರೂ ರೆಕಾರ್ಡಿಂಗ್ ಥಿಯೇಟರಿನಲ್ಲಿ ಮಾತೇ ಆಡುತ್ತಿರಲಿಲ್ಲ. ನಿರ್ದೇಶಕರು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗಿದರೆ ಮ್ಯೂಸಿಕ್ ಡೈರೆಕ್ಟರ್ ಕೊಳಲಿನವರಿಗೆ ಕೈ ಮಾಡುತ್ತಿದ್ದರು. ಅದನ್ನು ನೋಡುವುದಕ್ಕೇ ನಾನು ಡಬ್ಬ ಹೊತ್ತಿದ್ದು ಅಂತ ಈಗ ಅನ್ನಿಸುತ್ತದೆ.

ಆಮೇಲೆ ಅವರಿಬ್ಬರಿಗೂ ಮಾತು ಬಿಟ್ಟುಹೋಯಿತು. ಕಾರಣ ದುಡ್ಡೂ ಹೌದು, ಯಾರೋ ಮಧ್ಯೆ ಹೇಳಿದ ಚಾಡಿಯೂ ಹೌದು. ಮುಂದಿನ ಸಿನಿಮಾಗೆ ಬಹಳ ಒಳ್ಳೆಯ, ವಯಸ್ಸಿನಲ್ಲಿ ಸಣ್ಣ ಹುಡುಗನೊಬ್ಬ ಬಂದ. ನಿರ್ದೇಶಕರು ಪ್ರತಿ ರೀಲಿಗೂ 'ಅವರಾಗಿದ್ದರೆ ಇಲ್ಲಿ ಕೊಳಲು ಹಾಕುತ್ತಿದ್ದರು' ಅನ್ನೋರು. ವಾದ್ಯದವರ ಎದುರಿಗೇ. ಆ ಹುಡುಗ ಕೊಳಲು ಹಾಕಿದ. ಎಲ್ಲ ಕಡೆ ಹಾಕಿದ. ಸಿನಿಮಾ ಓಡಲಿಲ್ಲ. ಅವನು ಮತ್ತೆ ಸಿನಿಮಾಗೆ ಸಂಗೀತ ಮಾಡಲೂ ಇಲ್ಲ. ನಿನ್ನ ಹಾಗೇ ನಮ್ಮ ನಿರ್ದೇಶಕರಿಗೂ ತಮ್ಮ ಹತ್ತಿರ ಏನೂ ಇರಲಿಲ್ಲ ಅನ್ನಿಸಿಬಿಟ್ಟಿತ್ತು ಅಂತ ಕಾಣುತ್ತದೆ. ಆ ಭಯ ಅವರ ಕೈಯಲ್ಲಿ ಏನೇನೋ ಮಾಡಿಸಿತು. ನಿನ್ನ ಮಾತು ಓದಿ ನನಗೆ ಗಾಬರಿಯಾಗಿದ್ದು ಅದಕ್ಕೆ.

ನಿರ್ದೇಶಕರೂ ಅವರ ಹಳೆಯ ಮ್ಯೂಸಿಕ್ ಡೈರೆಕ್ಟರೂ ನನ್ನನ್ನು ಕಂಡಾಗಲೆಲ್ಲ ಒಬ್ಬರ ಬಗ್ಗೆ ಇನ್ನೊಬ್ಬರು ಕೇಳುತ್ತಿದ್ದರು. 'ಹೇಗಿದ್ದಾನೆ? ಏನು ಮಾಡ್ತಿದ್ದಾನೆ?' ಇಬ್ಬರಿಗೂ 'ಚೆನ್ನಾಗಿದ್ದಾರೆ' ಅನ್ನುತ್ತಿದ್ದೆ. 'ಕೇಳಿದೆ ಅಂತ ಹೇಳು' ಅನ್ನುವಷ್ಟು ಯಾರೂ ಮುಂದೆ ಬರಲಿಲ್ಲ. ಈಗ ಇಬ್ಬರೂ ಇಲ್ಲ. ಅವರಿಬ್ಬರನ್ನು ಮತ್ತೆ ಒಂದು ರೀಲಿನ ಮುಂದೆ ಕೂತಿರುವುದನ್ನು ನೋಡಬೇಕಿತ್ತು ಪುಟ್ಟಿ. ಆ ಆಸೆ ಹಾಗೇ ಉಳಿದುಹೋಯಿತು. ಹಿಚ್‌ಕಾಕ್ ಮತ್ತು ಹರ್ಮನ್ ಕತೆಯೂ ಹೀಗೇ ಮುಗಿಯಿತು. 1955ರಿಂದ ಜೊತೆಯಲ್ಲಿದ್ದವರು. 1966ರ 'ಟಾರ್ನ್ ಕರ್ಟನ್' ರೆಕಾರ್ಡಿಂಗ್‌ನಲ್ಲೇ ಮುರಿದುಬಿತ್ತು, ಮತ್ತೆ ಕೂಡಿ ಕೆಲಸ ಮಾಡಲಿಲ್ಲ.

ಅದಕ್ಕೇ ಅವನಿಗೆ ನೀನೇ ಫೋನ್ ಮಾಡು. ಹೊಸಬರ ಹೆಸರು ಗಾಂಧಿನಗರದಿಂದ ಅವನ ಕಿವಿಗೆ ಬೀಳುವ ಮೊದಲು ನಿನ್ನ ಬಾಯಿಂದಲೇ ಗೊತ್ತಾಗಲಿ. ಡೇಟ್ಸ್ ಇಲ್ಲ ಅಂದವನು ಅವನೇ ಆದರೂ ಬೇರೆಯವರ ಹೆಸರು ಪೋಸ್ಟರಿನಲ್ಲಿ ನೋಡಿದಾಗ ಸಂಕಟ ಆಗುತ್ತದೆ. ಒಂದು ಸಿನಿಮಾ ಬಿಟ್ಟರೆ ಸಂಬಂಧ ಬಿಟ್ಟ ಹಾಗೆ ಏನೂ ಅಲ್ಲ. ಯೋಗರಾಜ್ ಭಟ್ಟರು 2006ರಲ್ಲಿ 'ಮುಂಗಾರು ಮಳೆ'ಯನ್ನು ಮನೋಮೂರ್ತಿ ಜೊತೆ ಮಾಡಿದರು. 2008ರ 'ಗಾಳಿಪಟ'ಕ್ಕೆ ಹರಿಕೃಷ್ಣ. 2009ರ 'ಮನಸಾರೆ'ಗೆ ಮತ್ತೆ ಮನೋಮೂರ್ತಿ. ಹಾಲಿವುಡ್ ನಿರ್ದೇಶಕ ಸ್ಪೀಲ್‌ಬರ್ಗ್ ಕೂಡ 2015ರಲ್ಲಿ ತಮ್ಮ ಮ್ಯೂಸಿಕ್ ಡೈರೆಕ್ಟರ್ ಜಾನ್ ವಿಲಿಯಮ್ಸ್ ಆರೋಗ್ಯ ಸರಿ ಇಲ್ಲದಾಗ ಥಾಮಸ್ ನ್ಯೂಮನ್ ಜೊತೆ ಒಂದು ಸಿನಿಮಾ ಮುಗಿಸಿ ಮತ್ತೆ ವಿಲಿಯಮ್ಸ್ ಹತ್ತಿರವೇ ಬಂದರು.

ಇನ್ನೊಂದು ಮಾತು. ಈಗಿನ ಕೆಲಸದ ರೀತಿ ನನಗಿಂತ ನಿನಗೇ ಚೆನ್ನಾಗಿ ಗೊತ್ತು, ಆದರೂ ಹೇಳಿಬಿಡುತ್ತೇನೆ. ಎಡಿಟ್ ಮಾಡುವಾಗ ಅವನ ಹಳೆಯ ಟ್ರ್ಯಾಕ್‌ಗಳನ್ನು ರೆಫರೆನ್ಸ್ ಅಂತ ಟೈಮ್‌ಲೈನ್‌ನಲ್ಲಿ ಹಾಕಿಟ್ಟಿದ್ದೀಯಾ? ಹಾಕಿದ್ದರೆ ತೆಗೆದುಬಿಡು. ಬೇರೆಯವರ ಅಳತೆಗೆ ಹೊಲಿದ ಅಂಗಿಯೊಳಗೆ ಹೊಸಬರನ್ನು ತುರುಕಿದ ಹಾಗಾಗುತ್ತದೆ. ಅದನ್ನೇ ದಿನವೂ ಕೇಳುತ್ತಾ ಕಟ್ ಮಾಡಿದರೆ ನಿನ್ನ ಕಿವಿ ಇನ್ನೊಂದನ್ನು ಒಪ್ಪುವುದಿಲ್ಲ. ನಿರ್ದೇಶಕ ಕುಬ್ರಿಕ್ 1968ರ '2001: ಎ ಸ್ಪೇಸ್ ಒಡಿಸ್ಸಿ'ಗೆ ಅಲೆಕ್ಸ್ ನಾರ್ತ್ ಕೈಯಲ್ಲಿ ಸಂಗೀತ ಬರೆಸಿದರು. ಕೊನೆಗೆ ಎಡಿಟಿಂಗ್‌ನಲ್ಲಿ ತಾತ್ಕಾಲಿಕವಾಗಿ ಹಾಕಿಕೊಂಡಿದ್ದ, ಮೊದಲೇ ಇದ್ದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನೇ ಇಟ್ಟುಕೊಂಡರು. ನಾರ್ತ್‌ಗೆ ಅದು ಗೊತ್ತಾಗಿದ್ದು ಸಿನಿಮಾ ನೋಡಲು ಹೋದಾಗ. ಸಿನಿಮಾ ಗೆದ್ದಿತು, ಸರಿ. ಆ ಕುರ್ಚಿಯಲ್ಲಿ ಕೂತಿದ್ದ ಮನುಷ್ಯನ ಸ್ಥಿತಿ ಏನಾಗಿರಬೇಕು?

ಹೊಸಬರಿಗೆ ಕೊಳಲು ಹಾಕಿ, ವೀಣೆ ಹಾಕಿ ಅಂತ ಹೇಳಬೇಡ. ನಿನ್ನ ಕತೆಯ ಹುಡುಗಿ ಆ ಹೊತ್ತಲ್ಲಿ ಏನನ್ನು ಮುಚ್ಚಿಡುತ್ತಿದ್ದಾಳೆ ಅಂತ ಹೇಳು. ಆಗುವುದಾದರೆ ಶೂಟಿಂಗ್ ಮಾಡಿದ ಊರಿಗೆ ಒಂದು ಸಲ ಕರೆದುಕೊಂಡು ಹೋಗು. ಆರ್‌ಆರ್‌ಗೆ ದಿನ ಇಟ್ಟುಕೊಳ್ಳಲು ಪ್ರೊಡ್ಯೂಸರ್ ಹತ್ತಿರ ಹಟ ಮಾಡು. ರಿಲೀಸ್ ಡೇಟ್ ಹೇಳಿದ ಮೇಲೆ ಎಲ್ಲರೂ ಆ ದಿನಗಳನ್ನೇ ಕತ್ತರಿಸುವುದು. ಇದನ್ನೆಲ್ಲ ಹೇಳುವುದಕ್ಕೆ ನನಗೆ ಅಧಿಕಾರ ಇಲ್ಲ, ನನ್ನ ಕಾಲ ಮುಗಿದಿದೆ. ಮನಸ್ಸು ತಡೆಯುವುದಿಲ್ಲ, ಅಷ್ಟೇ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ನಿನ್ನ ಹತ್ತಿರ ಏನಿದೆ ಅಂತ ನೀನು ಬರೀ ಯೋಚನೆ ಮಾಡಿದರೆ ತಿಳಿಯುವುದಿಲ್ಲ. ಕಟ್ ಲಾಕ್ ಆಗುವ, ಅಂದರೆ ಎಡಿಟಿಂಗ್ ಅಂತಿಮ ಆಗುವ, ಮೊದಲು ಹಾರ್ಡ್ ಡಿಸ್ಕ್ ತಗೊಂಡು ಮನೆಗೆ ಬಾ. ಡೈಲಾಗ್ ಮಾತ್ರ ಇರುವ ಕಾಪಿ ತಾ, ಒಂದು ತುಣುಕು ಸಂಗೀತವೂ ಬೇಡ. ಪೂರ್ತಿ ಕೂತು ನೋಡೋಣ. ನೀನು ಎಲ್ಲೆಲ್ಲಿ ಇದ್ದೀಯೋ ಅಲ್ಲಿ ನಿಲ್ಲಿಸಿ ತೋರಿಸುತ್ತೇನೆ. ಎಲ್ಲಿ ಇಲ್ಲವೋ ಅದನ್ನೂ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅಂಥ ಕಡೆ ಅವನಿದ್ದಿದ್ದರೂ ಸರಿ ಮಾಡಲು ಆಗುತ್ತಿರಲಿಲ್ಲ, ಮತ್ತೆ ಎಡಿಟ್‌ಗೇ ಕೂರಬೇಕಾಗುತ್ತದೆ. ಭಾನುವಾರ ಬೆಳಿಗ್ಗೆಯೇ ಬಂದರೆ ಒಳ್ಳೆಯದು. ಸಂಜೆ ಹೊತ್ತಿಗೆ ನನ್ನ ಕಣ್ಣು ಸೋತುಬಿಡುತ್ತದೆ.

ನಿನ್ನ ಪ್ರೀತಿಯ,
ಮಾವ