ರವಿವಾರ ಲುಕ್ಲಾಕ್ಕ: ಬರೂ ಮೊದಲ ಇಷ್ಟು ಓದ್ಕೊಂಡು ಬರ್ರಿ

ಎಲ್ಲಾರಿಗೂ ನಮಸ್ಕಾರ್ರಿ. ಈ ರವಿವಾರ ರಾತ್ರಿ 9ಕ್ಕ ಫ್ಲೈಟ್ ಸಿಮ್ಯುಲೇಟರ್‌ನ್ಯಾಗ (ಕಂಪ್ಯೂಟರ್ ಮ್ಯಾಲ ವಿಮಾನ ಹಾರಸೂ ಆಟ) ಕಾಠ್ಮಂಡುದಿಂದ ಲುಕ್ಲಾಕ್ಕ, ಅಂದ್ರ ನೇಪಾಳದ ಗುಡ್ಡದಾಗಿನ ಸಣ್ಣ ವಿಮಾನ ನಿಲ್ದಾಣಕ್ಕ, ಕೂಡಿ ಹಾರೋಣು. ವಿಮಾನ ಟ್ವಿನ್ ಆಟರ್ (ಎರಡು ಎಂಜಿನ್ನಿನ ಸಣ್ಣ ವಿಮಾನ). ಏರ್‌ಬಸ್ ತರಬ್ಯಾಡ್ರಿ, ಅಲ್ಲಿ ರನ್‌ವೇ ಇರೂದ 527 ಮೀಟರ್. ಹುಬ್ಬಳ್ಳಿ ರನ್‌ವೇ ಮ್ಯಾಲ ಆರಾಮ ಇಳಿಸಿ ರೂಢಿ ಆದವ್ರಿಗೆ ವಿಶೇಷವಾಗಿ ಹೇಳಾಕತ್ತೇನಿ.

ಇಳಿಯೂದು ರನ್‌ವೇದ 06 ತುದಿಗೆ (ಕೆಳಗಿನ ತುದಿ), ಹಾರೂದು 24 ತುದಿಯಿಂದ (ಮ್ಯಾಲಿನ ತುದಿ). ಗಾಳಿ ಯಾವ ಕಡೆ ಇದ್ರೂ ಅಷ್ಟ. ರನ್‌ವೇ ಸುಮಾರು 12% ಏರು ಐತಿ, ಮೋಸ ಇರೂದ ಇಲ್ಲೆ: ಏರು ರನ್‌ವೇ ಎದುರಿಗೆ ಕಂಡ್ರ ನಾವು ಭಾಳ ಎತ್ತರದಾಗ ಅದೀವಿ ಅನ್ನಿಸ್ತೈತಿ. ಕಣ್ಣಿನ ಮಾತು ಕೇಳಿ ಕೆಳಗ ಇಳದ್ರ ರನ್‌ವೇ ಮುಂದಿನ ಬಂಡೆಗೆ ಹೋಗಿ ಬಡೀತೀರಿ. ಆಲ್ಟಿಮೀಟರ್ (ಎತ್ತರ ತೋರ್ಸೂ ಮೀಟರ್) ನೋಡ್ರಿ. ನಿಲ್ದಾಣದ ಎತ್ತರ 9,300 ಅಡಿ ಮ್ಯಾಲ.

ಅಲ್ಲಿ ಗಾಳಿ ತೆಳು. ವೇಗದ ಮೀಟರ್‌ನ್ಯಾಗ 75 ನಾಟ್ ಇದ್ರ ಖರೇ ವೇಗ 90ರ ಹತ್ರ. ಜೋರು ಹೊಂಟೇತಿ ಅಂತ ಮೂಗು ಎತ್ತಿದ್ರ ಸ್ಟಾಲ್ ಆಗ್ತೈತಿ (ರೆಕ್ಕಿ ಎತ್ತೂ ಬಲ ಕಳಕೊಂಡು ವಿಮಾನ ಕೆಳಗ ಬೀಳ್ತೈತಿ). ಕಡೀಕ ನೆಲ ಮುಟ್ಟೂ ಮುಂದ ಮಾತ್ರ, ಏರು ಇರೂದಕ್ಕ, ಮೂಗು ಯಾವಾಗ್ಲೂಕಿಂತ ಜರಾ ಹೆಚ್ಚು ಎತ್ತಬೇಕು.

ರನ್‌ವೇ ಹಿಂದ ಗುಡ್ಡ. ವಾಪಸ್ ತಿರಗೂದಿದ್ರ ದೂರ ಇದ್ದಾಗ ತಿರಗ್ರಿ. ಹತ್ರ ಬಂದ ಮ್ಯಾಲ ಇಳೀಬೇಕು, ಮತ್ತೊಂದು ದಾರಿ ಇಲ್ಲ.

ಸಿಮ್ಯುಲೇಟರ್‌ನ್ಯಾಗ ಸಮಯ ನೇಪಾಳದ ಮುಂಜಾನೆ 7 ಇಡ್ರಿ (ನಮಗಿಂತ 15 ನಿಮಿಷ ಮುಂದ). ಮಧ್ಯಾಹ್ನ ಅಲ್ಲಿ ಗಾಳಿ, ಮೋಡ ಹೆಚ್ಚು. ಪಾರೋ (ಭೂತಾನದ ವಿಮಾನ ನಿಲ್ದಾಣ) ಆಮ್ಯಾಲ ನೋಡೋಣು.

ಬರಾವ್ರು ಶನಿವಾರದೊಳಗ ಹೆಸರು ಹಾಕ್ರಿ.